ಕುಡಿಯದೆ ಬಂದ ನೀರು

ಗುಡ್ಡ ಜರುಗುತ್ತಿದೆ, ಬಸ್ಸಿನ ಕಿಟಕಿಯೊಳಗೆ ಬುದ್ಧ ಮಲಗಿದ್ದಾನೆ, ಹಣೆ, ಮೂಗು, ತುಟಿ, ಎದೆ, ಎಲ್ಲ ಕಲ್ಲೇ, ಶಹಾಪುರದ ಮಂದಿ ಬೆರಳು ಮಾಡಿ ತೋರಿಸುವ ಬುದ್ಧ, ಮುಗಿಲಿಗೆ ಮುಖ ಮಾಡಿ ಎಷ್ಟು ಸುಖವಾಗಿ ಮಲಗಿದ್ದಾನೆ ಪುಣ್ಯಾತ್ಮ, ಅವನ ನಿದ್ದೆಯಲ್ಲಿ ಒಂದು ತುಣುಕು ಮುರಿದು ಈ ಅಯ್ಯಮ್ಮನ ಕಡೆ ಒಗೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು — ಬಸ್ಸು ಹೊರಳಿತು, ಬುದ್ಧನ ಎದೆ ಮೂಗಿನೊಳಗೆ ಸೇರಿಕೊಂಡಿತು, ಈಗ ಅದು ಬರೀ ಗುಡ್ಡ, ಕುರಿ ಹತ್ತುವಂಥ ಗುಡ್ಡ, ಕುರಿ ಅನ್ನಬಾರದು, ಅಂದರೆ ಗಂಟಲು ಒಣಗುತ್ತದೆ, ಗಂಟಲು ಒಣಗಿದರೆ ಆ ತಂಬಿಗೆ ಕಣ್ಣ ಮುಂದೆ ಬರುತ್ತದೆ, ಹಿತ್ತಾಳೆ ತಂಬಿಗೆ, ಬಾಯಿ ತನಕ ನೀರು, ನೀರಿನಲ್ಲಿ ಫ್ಯಾನು ತಿರುಗುತ್ತಿತ್ತು, ನಾನು ಕುಡಿಯಲಿಲ್ಲ, ಹೋದ ಮಂಗಳವಾರ ಕುಡಿಯದೆ ಎದ್ದು ಬಂದ ನೀರು ವಾರವೆಲ್ಲ ನನ್ನ ಮುಂದೆ ಹಾಗೇ ಇದೆ, ಇವತ್ತು ಮತ್ತೆ ಮಂಗಳವಾರ — ಎಲ್ಲಿಗವ್ವಾ ಎಂದು ಕಂಡಕ್ಟರು ಕೇಳಿದಾಗ ಶಹಾಪುರ ಅನ್ನಬೇಕಿತ್ತು, ಬಾಯಿ ಯಾದಗಿರಿ ಅಂದಿತು, ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೀಟು, ಅವನಿಗೇನು, ಹರಿದು ಕೊಟ್ಟ. ಯಾದಗಿರಿಯಲ್ಲಿ ತಂಗಿ ಇದ್ದಾಳೆ, ಶಹಾಪುರದಲ್ಲಿ ಇಳಿಯುವ ಧೈರ್ಯ ಬರದಿದ್ದರೆ ಕೂತಲ್ಲೇ ಕೂತು ತಂಗಿಯ ಮನೆಗೆ ಹೋಗಿ ಚಹಾ ಕುಡಿದು ಬರಬಹುದು, ಗಂಡನಿಗೆ ದವಾಖಾನೆಗೆ ಹೋಗಿದ್ದೆ ಅನ್ನಬಹುದು.

ಅದು ಬರುವುದು ಸಂಜೆಗೆ, ಅದಕ್ಕೆ ಹೆಸರಿಲ್ಲ, ದೀಪ ಹಚ್ಚುವ ಹೊತ್ತಿಗೆ ಮೊದಲು ಅಂಗೈ ತಣ್ಣಗಾಗುತ್ತದೆ, ಆಮೇಲೆ ಎದೆ ಡವಡವ, ಉಸಿರು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ, ಯಾರೋ ಬರಬೇಕಿತ್ತು ಇನ್ನೂ ಬಂದಿಲ್ಲ ಅನ್ನುವ ದಿಗಿಲು, ಬಾಗಿಲಿಗೆ ಹೋಗುತ್ತೇನೆ, ಒಳಗೆ ಬರುತ್ತೇನೆ, ಮತ್ತೆ ಬಾಗಿಲಿಗೆ, ಮನೆಯ ಮೆಟ್ಟಿಲ ತನಕ ನೆಲ್ಲಿನ ಗದ್ದೆ, ಕಪ್ಪೆ ವಟಗುಟ್ಟುತ್ತವೆ, ಕಾಲುವೆ ಹರಿಯುವ ಸದ್ದು, ಬರುವವರು ಯಾರೂ ಇಲ್ಲ — ಬೆಳಗ್ಗೆ ಏಳಲು ಹೋದರೆ ಮೈಯೆಲ್ಲ ಭಾರ, ರೊಟ್ಟಿ ತಟ್ಟುವ ಕೈ ಹಿಟ್ಟಿನ ಮೇಲೇ ನಿಂತು ಬಿಡುತ್ತದೆ, ಎಷ್ಟು ಹೊತ್ತು ನಿಂತಿತೋ, ಹಂಚು ಕಾದು ಹೊಗೆ ಬಂದಾಗಲೇ ಎಚ್ಚರ. ನಿನಗೇನು ಕಡಿಮಿ ಆಗ್ಯದ ಹೇಳು, ಗಂಡ ಮಲ್ಕಪ್ಪ ಕೇಳಿದರು, ಕಾಲುವಿ ಬಂತು, ಎರಡು ಬೆಳಿ ತೆಗಿತೀವಿ, ಮನಿಗೆ ಸ್ಲ್ಯಾಬ್ ಹಾಕ್ಸೀವಿ, ಹೊರಗ ಟ್ರ್ಯಾಕ್ಟರ್ ನಿಂತದ, ಏನ್ ಬೇಕು ಬಾಯಿ ಬಿಟ್ಟು ಹೇಳು, ತಂದು ಕೊಡ್ತೀನಿ. ಸಿಟ್ಟಿನಿಂದ ಕೇಳಲಿಲ್ಲ, ಪಾಪ, ಹೇಳಿದ್ದರೆ ಖರೆಯಾಗಿಯೂ ತಂದು ಕೊಡುವ ಮನುಷ್ಯ, ಹೇಳಲು ನನಗೆ ಗೊತ್ತಿರಬೇಕಲ್ಲ. ಅತ್ತೆ ತಿಮ್ಮವ್ವ ಗಾಳಿ ಬಡದದ ಅಂದಳು, ದರ್ಗಾದ ತಾಯತ ಒಂದು, ಹಣಮಪ್ಪನ ಗುಡಿಯ ದಾರ ಒಂದು, ಕೊರಳು ತುಂಬಿತು, ಡಾಕ್ಟರು ಎದೆಗೆ ವಯರು ಅಂಟಿಸಿ ಉದ್ದನೆಯ ಪಟ್ಟಿ ತೆಗೆದು ನೋಡಿ ಎದಿ ಗಟ್ಟಿ ಅದವ್ವ, ಏನೂ ಆಗಿಲ್ಲ ಅಂದರು, ಮನೆಯವರೆಲ್ಲ ನಕ್ಕರು, ಖುಷಿಯಿಂದಲೇ ನಕ್ಕರು, ನಾನು ಕಳ್ಳಿಯಂತೆ ತಲೆ ತಗ್ಗಿಸಿದೆ. ಏನೂ ಆಗದವಳಿಗೆ ಇಷ್ಟೆಲ್ಲ ಆಗುವುದು ನಾಚಿಕೆಯ ಮಾತು.

ಸೂಗಮ್ಮ ನಮ್ಮೂರಿನ ಆಶಾ ಕಾರ್ಯಕರ್ತೆ, ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು, ಯಕ್ಕಾ, ಇದು ಗಾಳಿ ಅಲ್ಲ, ಎದಿ ರೋಗನೂ ಅಲ್ಲ, ಇದಕ್ಕೂ ಡಾಕ್ಟರ್ ಅದಾರ, ಗುಳಿಗಿ ಬೇಕಾದ್ರ ಅವರು ಕೊಡ್ತಾರ, ಅದರ ಜೋಡಿ ಶಹಾಪುರ ದವಾಖಾನಿ ಹಿಂದಿನ ಹಳೀ ಕೋಣ್ಯಾಗ ಮಂಗಳವಾರ ನಿನ್ನಂಥ ಹೆಣ್ಮಕ್ಕಳೇ ಕೂಡ್ತಾರ, ಹೋಗಿ ಅವರ ನಡುವ ಕೂಡು. ಕೂಡಿ ಏನು ಮಾಡುವುದು ಎಂದು ಕೇಳಲಿಲ್ಲ, ಕೇಳಬೇಕಿತ್ತು, ದವಾಖಾನೆ ಅಂದಮೇಲೆ ಬೆಂಚು ಇರುತ್ತದೆ, ಹೆಸರು ಕೂಗುತ್ತಾರೆ, ನಾಲಿಗೆ ತೋರಿಸು ಅನ್ನುತ್ತಾರೆ, ಹಾಗೆ ಅಂದುಕೊಂಡು ಹೋದೆ, ಹೋದರೆ ಬೆಂಚಿಲ್ಲ. ಬಾಗಿಲ ಹೊರಗೆ ರಾಶಿ ಚಪ್ಪಲಿ, ಒಳಗೆ ಜಮಖಾನದ ಮೇಲೆ ಹೆಂಗಸರು ಸುತ್ತ ಕೂತಿದ್ದಾರೆ, ತಲೆ ಮೇಲೆ ಸೆರಗು, ನಡುವೆ ಒಬ್ಬ ಮುದುಕಿ ಅಳುತ್ತಿದ್ದಾಳೆ, ಉಳಿದವರು ಸುಮ್ಮನೆ ನೆಲ ನೋಡುತ್ತಿದ್ದಾರೆ, ನಾನು ಬಾಗಿಲಲ್ಲಿ ನಿಂತರೆ ಒಬ್ಬರೂ ಬಾ ಅನ್ನಲಿಲ್ಲ — ದವಾಖಾನೆಯ ಹಿಂದೆ ಹೆಣದ ಕೋಣೆ ಇರುತ್ತದೆ, ಅಲ್ಲಿ ಹೆಂಗಸರು ಅಳುವುದು ಯಾತಕ್ಕೆ ಎಂದು ಯಾರಿಗೆ ಗೊತ್ತಿಲ್ಲ, ಇವರಲ್ಲೇ ಯಾರಿಗೋ ಕೇಡಾಗಿದೆ, ಸತ್ತವರ ಮುಂದೆ ಕೂತವರು ಬಂದವರಿಗೆ ಬಾ ಅನ್ನುವುದಿಲ್ಲ, ಹೋಗುವವರು ಬರ್ತೀನಿ ಅನ್ನುವುದಿಲ್ಲ, ನೀರು ಕೊಟ್ಟರೆ ಕುಡಿಯುವುದಿಲ್ಲ, ನಮ್ಮ ಕಡೆಯ ಪದ್ಧತಿ, ಹಾಲು ಕುಡಿಯುವಾಗಲೇ ಕಲಿತದ್ದು. ಹೋಗಿ ಮುದುಕಿಯ ಕೊರಳಿಗೆ ಬಿದ್ದೆ.

ಕೊರಳಿಗೆ ಬಿದ್ದು ದನಿ ತೆಗೆದೆ, ಎಲ್ಲಿ ಹೋದ್ಯೇ ನನ್ನವ್ವಾ, ಹೊತ್ತು ಮುಳುಗಿತಲ್ಲ, ಮನಿ ಹಾದಿ ಮರ್ತೇನ ನನ್ನವ್ವಾ, ನಿನ್ನ ದಾರಿ ನೋಡಿ ಕಣ್ಣು ಬತ್ತಿದವಲ್ಲ — ಹೆಸರು ಗೊತ್ತಿಲ್ಲದ ಸಾವಿಗೆ ಎರಡು ಸಾಲು ಹಾಡ್ಯಾಡಿ ಅತ್ತು, ಮೂಗು ಒರೆಸಿಕೊಂಡು, ಯಾರಿಗೆ ಏನಾಯ್ತು ಎಂದು ಕೇಳುವುದು ವಾಡಿಕೆ, ಅಷ್ಟೇ ಮಾಡಬೇಕೆಂದಿದ್ದೆ, ಆದರೆ ನಿಲ್ಲಲಿಲ್ಲ, ಎಷ್ಟು ವರ್ಷದ್ದು ಎಲ್ಲಿತ್ತೋ, ಕಾಲುವೆಯ ಗೇಟು ಎತ್ತಿದಂತೆ ಬಂತು, ಮುದುಕಿಯ ಹೆಗಲು ತೊಯ್ದು ಹೋಯಿತು, ಅವಳೂ ನನ್ನ ಬೆನ್ನು ತಟ್ಟುತ್ತ ಅಳುತ್ತಿದ್ದಳು, ಸುತ್ತಲಿನ ಇಬ್ಬರು ಮೂವರೂ ದನಿ ಸೇರಿಸಿದರು. ಆಮೇಲೆ ಅವರನ್ನೆಲ್ಲ ಕೂಡಿಸುವ ದವಾಖಾನೆಯ ಮೇಡಮ್ಮನವರು ಮೆಲ್ಲಗೆ ಕೇಳಿದರು, ಯಾರು ತೀರ್ಕೊಂಡ್ರವ್ವಾ? ಅದನ್ನ ನೀವೇ ಹೇಳ್ಬೇಕ್ರಿ, ನಾ ಈಗರೆ ಬಂದೀನಿ, ಅಂದೆ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ, ಎಲ್ಲರಿಗಿಂತ ಜಾಸ್ತಿ ಆ ಮುದುಕಿ, ಕೆನ್ನೆ ಇನ್ನೂ ಹಸಿ, ಹೊಟ್ಟೆ ಹಿಡಿದು ನಗುತ್ತಾಳೆ, ಯಾರೂ ಸತ್ತಿಲ್ಲ ತಂಗಿ, ಬದುಕಿದವರೇ ಕುಂತೀವಿ, ನಾ ಜೈತುನಬೀ, ಬಜಾರದಾಗ ಬಳಿ ಇಡಸ್ತಿದ್ದೆ, ಎರಡು ವರ್ಷ ಆತು, ಮಂದಿ ಕೈ ಹಿಡದ್ರ ಸಾಕು ನನ್ನ ಕೈ ನಡಗಾಕತ್ತದ, ಬಳಿ ಒಡೀತಾವ, ಗದ್ದಲ ಕಂಡ್ರ ಜೀವ ಹೋದಂಗ ಆಗ್ತದ, ಅದನ್ನ ಹೇಳಕೋತ ಅಳಾಕತ್ತಿದ್ದೆ, ಅಷ್ಟರಾಗ ನೀ ಬಂದು ಬಿದ್ದಿ. ನಕ್ಕು ಮುಗಿಸಿ ನನ್ನ ಮುಖವನ್ನೇ ನೋಡಿದಳು — ನಾ ಅತ್ತದ್ದು ನನ್ನ ಕೈಗೆ, ನೀ ಯಾರಿಗೆ ಅತ್ತಿ?

ತಂಬಿಗೆಯನ್ನು ನನ್ನ ಕಡೆ ಸರಿಸಿದಳು, ಕುಡಿ ಅಂದಳು, ಬಾಯಿ ತನಕ ನೀರು, ನೀರಿನಲ್ಲಿ ಫ್ಯಾನು, ಗಂಟಲು ಸುಡುತ್ತಿತ್ತು, ಆದರೂ ಕೈ ಮುಂದೆ ಹೋಗಲಿಲ್ಲ, ಅಷ್ಟು ಅತ್ತ ಮೇಲೆ ಆ ಕೋಣೆ ನನಗೆ ಸತ್ತ ಮನೆಯೇ, ಇನ್ನೊಂದು ಭಯವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ, ಕುಡಿದರೆ ನಾನೂ ಇವರಲ್ಲಿ ಒಬ್ಬಳು, ನನಗೂ ಏನೋ ಆಗಿದೆ ಅಂತಾಯಿತು, ಏನೂ ಆಗಿಲ್ಲ ಎಂದು ನಕ್ಕವರ ಮನೆಗೆ ಹೇಗೆ ಹೋಗಲಿ. ಎದ್ದೆ. ಏ ತಂಗಿ, ಬರ್ತೀನಿ ಅಂತ ಹೇಳಿ ಹೋಗು, ಇದು ಸತ್ತ ಮನಿ ಅಲ್ಲ, ಜೈತುನಬೀ ಹಿಂದಿನಿಂದ ಕೂಗಿದಳು, ನಾನು ಹೇಳಲಿಲ್ಲ — ಬಸ್ಸು ನಿಂತಿದೆ, ಶಹಾಪುರ, ಶಹಾಪುರ, ಇಳೀರಿ ಜಲ್ದಿ, ಮಂದಿ ಇಳಿಯುತ್ತಿದ್ದಾರೆ, ಮೊಳಕೈ ತಾಗುತ್ತಿದೆ, ಏಳು ಅಯ್ಯಮ್ಮ, ಏಳು, ಕಾಲು ಏಳುವುದಿಲ್ಲ, ಕೊರಳಿಗೆ ಬಿದ್ದವಳು ಬಂದಳು ಎಂದು ನಗುತ್ತಾರೆ, ಯಾರಿಗೆ ಅತ್ತಿ ಎಂದು ಮತ್ತೆ ಕೇಳುತ್ತಾರೆ, ಏನು ಹೇಳಲಿ, ನನಗೆ ಯಾರೂ ಸತ್ತಿಲ್ಲ, ರೈಟ್ ರೈಟ್, ಬಸ್ಸು ಹೊರಟಿತು, ದವಾಖಾನೆಯ ಗೇಟು ಕಿಟಕಿಯಲ್ಲಿ ಬಂದು ಹೋಯಿತು, ಹೋಯಿತಲ್ಲ, ಒಳ್ಳೆಯದಾಯಿತು, ಅಳು ಬಂತು. ತಂಗಿಯ ಮನೆಯಲ್ಲಿ ಚಹಾ ಕುಡಿಯುತ್ತೇನೆ, ಸಂಜೆಗೆ ಅದು ಯಾದಗಿರಿಗೂ ಬರುತ್ತದೆ.

ಊರು ದಾಟಿ ಕಾಲುವೆಯ ಸೇತುವೆಗೆ ಬಂದರೆ ಬಸ್ಸು ಮತ್ತೆ ನಿಂತಿದೆ, ಹಾರ್ನು, ಮತ್ತೆ ಹಾರ್ನು, ಯಾಕೆ, ಕಿಟಕಿಯ ಕೆಳಗೆ ಬೆನ್ನುಗಳು, ಕರಿ ಬೆನ್ನು, ಕಂದು ಬೆನ್ನು, ಕುರಿ, ರಸ್ತೆ ತುಂಬ ಕುರಿ, ಮೇವು ಹುಡುಕಿ ಯಾವ ಊರಿನಿಂದ ಯಾವ ಊರಿಗೆ ಹೊರಟವೋ, ಬಸ್ಸಿನ ಎರಡೂ ಮಗ್ಗುಲಿಗೆ ಹರಿಯುತ್ತಿವೆ, ಆ ವಾಸನೆ ಒಳಗೆ ಬಂತು, ಬಿಸಿಲಿಗೆ ಕಾದ ಉಣ್ಣೆ, ಹಿಕ್ಕೆ, ಹಾಲು — ಸಂಜೆ, ಈಗ ಟ್ರ್ಯಾಕ್ಟರು ನಿಂತ ಜಾಗದಲ್ಲಿ ಆಗ ನಮ್ಮ ಕುರಿಹಟ್ಟಿ, ದೀಪ ಹಚ್ಚುವ ಹೊತ್ತಿಗೆ ಗುಡ್ಡದ ಕಡೆಯಿಂದ ಧೂಳು ಏಳುತ್ತಿತ್ತು, ಮಗುಚಿ ಮುಚ್ಚಿದ ಬುಟ್ಟಿಯೊಳಗಿನ ಮರಿಗಳಿಗೆ ನನಗಿಂತ ಮೊದಲು ಗೊತ್ತಾಗುತ್ತಿತ್ತು, ಒದರಾಡುತ್ತಿದ್ದವು, ನಾನು ಸೆರಗು ಸಿಕ್ಕಿಸಿ ಓಡಿ ಬುಟ್ಟಿ ಎತ್ತುತ್ತಿದ್ದೆ, ತಾಯಿ ಮರಿ ಒಂದನ್ನೊಂದು ಕೂಗಿ ಹುಡುಕುವ ಆ ಗದ್ದಲ, ಹಿಂದೆ ಉಳಿದ ಒಂದು ಕುರಿಗೆ ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದೆ, ಎಲ್ಲಿ ಹೋಗಿದ್ಯೇ, ಹೊತ್ತು ಮುಳುಗಿತಲ್ಲ, ಮನಿ ಹಾದಿ ಮರ್ತೇನ — ಅವ್ವಾ. ಅದೇ ಮಾತು. ಜೈತುನಬೀಯ ಕೊರಳಿಗೆ ಬಿದ್ದು ಅದೇ ಮಾತು ಆಡಿದೆ. ಮೇಯಿಸುವ ಬಯಲೆಲ್ಲ ಗದ್ದೆಯಾದ ಮೇಲೆ ಮಲ್ಕಪ್ಪ ಕುರಿ ಮಾರಿದರು, ಒಳ್ಳೆ ರೇಟು ಬಂತು, ಎಲ್ಲರೂ ಸಿಹಿ ತಿಂದೆವು, ಲಾಭ ಆದ ಮನೆಯಲ್ಲಿ ಅಳುವುದುಂಟೇ, ನಾನೂ ತಿಂದೆ, ಮಾರನೇ ಸಂಜೆ ಓಡಿ ಹೊರಗೆ ಬಂದರೆ ಎತ್ತಲು ಬುಟ್ಟಿ ಇರಲಿಲ್ಲ. ಏ ಕಂಡಕ್ಟರಣ್ಣ, ಇಳಿಸಪಾ ನನಗ, ಇಲ್ಲೇ. ಯಾದಗಿರಿ ಅಂದಿದ್ಯಲ್ಲವ್ವಾ? ಮರ್ತಿದ್ದೆ, ಇಳಿಸು.

ಕುರಿಗಳ ಧೂಳಿನಲ್ಲಿ ಹಿಂದಕ್ಕೆ ನಡೆಯುತ್ತಿದ್ದೇನೆ, ಬಿಸಿಲು, ಕಾಲುವೆಯಲ್ಲಿ ನೀರು ಕೆಂಪಗೆ, ಇದರ ಮೇಲೆ ನನಗೆ ಸಿಟ್ಟಿಲ್ಲ, ಇದು ಬಂದಿದ್ದಕ್ಕೇ ಮಕ್ಕಳು ಉಂಡರು, ಸಿಟ್ಟಿಲ್ಲ ಆದರೆ ಎದೆ ಕೇಳುವುದಿಲ್ಲ, ಹಾಗಾದರೆ ನಾನು ಅತ್ತದ್ದು ಕುರಿಗೇ, ಹೌದು, ಕುರಿಗೆ, ಅಲ್ಲ, ಬರೀ ಕುರಿಗಲ್ಲ, ಸೆರಗು ಸಿಕ್ಕಿಸಿ ಓಡುತ್ತಿದ್ದಳಲ್ಲ ಒಬ್ಬಳು ಅಯ್ಯಮ್ಮ, ಬಯ್ಯುತ್ತಿದ್ದಳು, ನಗುತ್ತಿದ್ದಳು, ಹಾಸಿಗೆಗೆ ಬಿದ್ದ ಕೂಡಲೇ ಗೊರಕೆ ಹೊಡೆಯುತ್ತಾಳೆ ಎಂದು ಗಂಡ ಚಾಷ್ಟಿ ಮಾಡಿ ನಗುತ್ತಿದ್ದರು, ಅವಳೂ ಕುರಿಯ ಹಿಂದೆ ಹೋಗಿಬಿಟ್ಟಳು, ಸಂಜೆ ಆದರೂ ಮನೆಗೆ ಬರಲಿಲ್ಲ, ನಾನು ಬಾಗಿಲಿಗೆ ಹೋಗಿ ಹೋಗಿ ನೋಡುವುದು ಅವಳನ್ನು — ದವಾಖಾನೆಯ ಗೇಟು, ಬೇವಿನ ಮರ, ಹಿಂದಿನ ಕೋಣೆ, ಅದೇ ಚಪ್ಪಲಿ ರಾಶಿ, ಬಾಗಿಲಲ್ಲಿ ನಿಂತೆ, ಟೀಚರಂಥ ಒಬ್ಬ ಹುಡುಗಿ ಮಾತಾಡುತ್ತಿದ್ದಾಳೆ, ಶಾಲಿ ಗಂಟಿ ಬಾರಿಸಿದ್ರ ಕಾಲು ನಡಗ್ತಾವ್ರೀ, ಯಾರೂ ನನಗೆ ಬಾ ಅನ್ನಲಿಲ್ಲ, ಒಬ್ಬರು ಮಾತಾಡುವಾಗ ಉಳಿದವರು ಬಾಯಿ ತೆಗೆಯುವುದಿಲ್ಲ, ಅಷ್ಟೇ, ಅದು ಇಲ್ಲಿಯ ಪದ್ಧತಿ. ಜೈತುನಬೀ ಕುಂಡಿ ಸರಿಸಿ ಜಾಗ ಮಾಡಿದಳು, ನಾನು ಕೂತೆ.

ಹುಡುಗಿ ಮುಗಿಸಿದಳು, ಮೇಡಮ್ಮನವರು ನನ್ನ ಕಡೆ ನೋಡಿದರು, ಎಲ್ಲರೂ ನೋಡಿದರು, ನಗಲಿಲ್ಲ, ಜೈತುನಬೀ ತಂಬಿಗೆಯನ್ನು ಮುಂದೆ ಸರಿಸಿದಳು, ಅವಳ ಕೈ ನಡುಗಿ ಒಂದಿಷ್ಟು ಜಮಖಾನದ ಮೇಲೆ ಚೆಲ್ಲಿತು, ಅವಳು ಒರೆಸಲಿಲ್ಲ, ಗೊತ್ತಾತೇನ ತಂಗಿ, ಯಾರಿಗೆ ಅತ್ತಿದ್ದಿ, ಅಂದಳು. ಹ್ಞೂಂ, ಅಂದೆ, ಹೇಳುವ ಮೊದಲು ನೀರು, ಕುಡಿದರೆ ಇದು ಸತ್ತ ಮನೆ ಅಲ್ಲ, ಸತ್ತ ಮನೆ ಅಲ್ಲ ಅಂದರೆ ಅವಳು ಸತ್ತಿಲ್ಲ, ಸತ್ತಿಲ್ಲ ಅಂದಮೇಲೆ ಎಲ್ಲೋ ಇರಬೇಕು, ಬರುವ ಹಾದಿಯಲ್ಲಿ, ಎಲ್ಲರಿಗಿಂತ ಹಿಂದೆ — ಎರಡೂ ಕೈಯಿಂದ ತಂಬಿಗೆ ಎತ್ತಿದೆ, ಬಾಯಿ ತನಕ ನೀರು, ನೀರಿನಲ್ಲಿ ಫ್ಯಾನು ತಿರುಗುತ್ತಿದೆ, ಫ್ಯಾನಿನ ಕೆಳಗೆ ಒಂದು ಮುಖ, ಅಲುಗುತ್ತಿದೆ, ಹತ್ತಿರ ಬರುತ್ತಿದೆ, ಬಾ, ನನ್ನವ್ವಾ, ಬಾ, ತಂಬಿಗೆ, ನೀರು, ತುಟಿಗೆ ತಣ್ಣಗೆ.