ಮೈಕಿನಲ್ಲಿ ಹೇಳಿದ ತಿದ್ದುಪಡಿ

ಧೀರೇಂದ್ರ ಫೋನಿನಲ್ಲಿ ಕೇಳಿದ್ದು ಒಂದೇ ಒಂದು ಪ್ರಶ್ನೆ. ಪೇಟೆಂಟ್ ಅರ್ಜಿಗಳನ್ನು ನೋಡಿಕೊಳ್ಳುವ ವಕೀಲ ಅವನು, ಇಂಥದನ್ನು ಕೇಳುವುದೇ ಅವನ ಕೆಲಸ.

"ಮೇಡಂ, ನಾಳೆ ಹನ್ನೊಂದಕ್ಕ ವಿಚಾರಣೆ ಅದ. ಅರ್ಜಿ ಹಾಕೋಕಿಂತ ಮೊದಲ ಈ ವಿಷಯ ಎಲ್ಲ್ಯಾರ ನಾಕು ಮಂದಿ ಮುಂದ ಬಾಯಿ ಬಿಟ್ಟೀರೇನ್ರಿ?"

"ಇಲ್ರಿ," ಎಂದಳು ಅನುರಾಧಾ. ಫೋನಿಟ್ಟ ಮೇಲೆ ಬಬಲೇಶ್ವರದ ಸತ್ಕಾರ ನೆನಪಾಯಿತು.

ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಾಲ್ಕು ವರ್ಷದಿಂದ ಹಗಲೂ ಬ್ಯಾಟರಿ, ಕನಸಿನಲ್ಲೂ ಬ್ಯಾಟರಿ. ಸತುವಿನ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಲೋಹದ ಮೇಲೆ ಸಣ್ಣ ಮುಳ್ಳು ಬೆಳೆಯುತ್ತವೆ. ಒಂದು ದಿನ ಮುಳ್ಳು ಆಚೆ ಬದಿಗೆ ತಾಗಿದರೆ ಬ್ಯಾಟರಿಯ ಕಥೆ ಮುಗಿಯಿತು. ಅನುರಾಧಾ ಸ್ಪಂಜಿನಂಥ ತೂತು ತೂತಿನ ಲೋಹದ ಹಾಳೆಗಳನ್ನು ಮೂರು ಪದರವಾಗಿ ಜೋಡಿಸಿದಳು. ಅಲ್ಲಿಯವರೆಗೆ ಎಲ್ಲರೂ ದೊಡ್ಡ ತೂತನ್ನು ಹೊರಗಿಟ್ಟರೆ ಇವಳು ಸಣ್ಣ ತೂತನ್ನು ಹೊರಗಿಟ್ಟಳು. ಮುಳ್ಳು ಒಳಗೇ ಬೆಳೆದು ಒಳಗೇ ಉಳಿದವು.

ಲೋಹ ಹೊಸದಲ್ಲ, ತೂತು ಹೊಸದಲ್ಲ, ಪದರವೂ ಹೊಸದಲ್ಲ ಎಂದು ಪೇಟೆಂಟ್ ಕಚೇರಿ ಈಗಾಗಲೇ ಪತ್ರ ಬರೆದಿತ್ತು. ಉಳಿದದ್ದು ಪದರದ ಕ್ರಮ ಒಂದೇ. ಆ ಕ್ರಮವನ್ನು ಅರ್ಜಿಗಿಂತ ಮೊದಲು ಲೋಕ ಕೇಳಿದ್ದರೆ ಅದೂ ಹೊಸದಲ್ಲ, ನಾಲ್ಕು ವರ್ಷ ನೀರಿಗೆ ಬಿದ್ದ ಹಾಗೆ.

ಲೋಕ ಕೇಳಿತ್ತೇ? ತಾಯಿಯ ತವರಾದ ಬಬಲೇಶ್ವರದವರು ಶಾಲು ಹೊದಿಸಿ, ಹಾರ ಹಾಕಿ, ನಮ್ಮ ಹುಡುಗಿ ಬ್ಯಾಟರಿ ಕಂಡುಹಿಡಿದಾಳ ಎಂದು ಮೆರೆಸಿದ್ದರು. ಮೈಕು ಹಿಡಿದವನು ಅವಳಪ್ಪ ಶಿವಯೋಗೆಪ್ಪ. ತಿಕೋಟಾದಲ್ಲಿ ಒಣದ್ರಾಕ್ಷಿ ಜರಡಿ ಹಿಡಿದು ಗಾತ್ರ ಬೇರ್ಪಡಿಸುವುದು ಅವನ ಉದ್ಯೋಗ. ಜರಡಿಯಲ್ಲಿ ದೊಡ್ಡ ತೂತು ಮೇಲೆ, ಸಣ್ಣ ತೂತು ಕೆಳಗೆ. ಮಗಳ ಬ್ಯಾಟರಿಯೂ ಹಾಗೇ, ಹೊರಗೆ ದೊಡ್ಡದು, ಒಳಗೆ ಸಣ್ಣದು ಎಂದು ಅವನು ಇನ್ನೂರು ಮಂದಿಗೆ ಹೇಳಿಬಿಟ್ಟಿದ್ದ. ಪೂರಾ ಉಲ್ಟಾ!

ಆ ತಪ್ಪೇ ಈಗ ಅವಳ ಪಾಲಿನ ದೇವರು. ಅಪ್ಪ ಹೇಳಿದ್ದಷ್ಟೇ ಊರಿಗೆ ಗೊತ್ತಿದ್ದರೆ ಪೇಟೆಂಟಿಗೆ ಕುಂದಿಲ್ಲ. ಆದರೆ ಆಮೇಲೆ ತಾನೇನಾದರೂ ಹೇಳಿದ್ದಳೇ? ಹಾರ ಕುತ್ತಿಗೆಗೆ ಚುಚ್ಚುತ್ತಿದ್ದದ್ದು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ.

ಅಪ್ಪನಿಗೆ ಫೋನು ಮಾಡಿದಳು. "ವಿಡಿಯೋ ಅದಲ್ಲವ್ವಾ. ಫೋಟೋ ಸ್ಟುಡಿಯೋದ ಸಂಗು ಯೂಟ್ಯೂಬಿಗೆ ಹಾಕ್ಯಾನ. ಕಳಸೂದು ನನಗ ತಿಳಿಯಂಗಿಲ್ಲ, ಬಂದು ಟಿವ್ಯಾಗ ನೋಡು," ಎಂದ.

ತಾನೇ ಹುಡುಕಿದಳು, ಸಿಗಲಿಲ್ಲ. ಚಪ್ಪಲಿ ಮೆಟ್ಟಿ ಅಥಣಿ ರಸ್ತೆಗೆ ಬಂದು ತಿಕೋಟಾ ಬಸ್ಸು ಹತ್ತಿದಳು. ಕುಳಿತಳು, ಎದ್ದಳು, ಕಿಟಕಿ ಕಡೆ ಸರಿದಳು, ಮತ್ತೆ ಈಚೆ ಬಂದಳು. ಉಚಿತ ಟಿಕೀಟಿಗೆ ಆಧಾರ್ ಕೇಳಿದ ಕಂಡಕ್ಟರನಿಗೆ ಏನೋ ಒಂದು ಚಾಚಿದಳು.

"ಅಕ್ಕಾರ, ಇದು ಎಟಿಎಂ ಕಾರ್ಡರಿ," ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಮನೆಯಲ್ಲಿ ಶಿವಯೋಗೆಪ್ಪ ಟಿವಿ ಹಚ್ಚಿಯೇ ಕುಳಿತಿದ್ದ. ತಾಯಿ ಗುರುಬಸವ್ವ ಚಹಾ ತಂದಿಟ್ಟಳು.

"ಅಪ್ಪಾ, ನಿನ್ನ ಭಾಷಣಕ್ಕ ಹಚ್ಚು, ಲಗೂನ."

"ತಡಿಯವ್ವಾ, ದೀಪಾ ಹಚ್ಚೂದು ನೋಡು ಮೊದಲ. ನಿಮ್ಮವ್ವ ಭಾಳ ಚಲೋ ಕಾಣಸ್ತಾಳ."

ದೀಪ ಹಚ್ಚಿದ್ದಾಯಿತು, ಸ್ವಾಗತವಾಯಿತು, ಸ್ವಾಗತ ಮಾಡಿದವರಿಗೂ ಒಂದು ಸ್ವಾಗತವಾಯಿತು. ಚಹಾ ಆರಿಹೋಯಿತು. ಕೊನೆಗೆ ಅಪ್ಪ ಮೈಕು ಹಿಡಿದ. "ಮ್ಯಾಲ ದೊಡ್ಡ ತೂತು, ಕೆಳಗ ಸಣ್ಣ ತೂತು, ನಮ್ಮ ಸಾಣಿಗಿ ಇದ್ದಂಗ!" ಚಪ್ಪಾಳೆ. ಅನುರಾಧಾ ಆರಿದ ಚಹಾ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಟಿವಿಯೊಳಗೆ ಬಳೆ ತೊಟ್ಟ ಒಂದು ಕೈ ಬಂದು ಮೈಕು ಕಸಿದುಕೊಂಡಿತು. ಅವಳದೇ ಕೈ.

"ಅಪ್ಪಾ, ಉಲ್ಟಾ ಹೇಳಾಕತ್ತಿ. ಹೊರಗ ಸಣ್ಣ ತೂತು, ಒಳಗ ದೊಡ್ಡ ತೂತು. ಅದಕ್ಕ ಮುಳ್ಳು ಒಳಗ ಬೆಳದು ಒಳಗ ಉಳಿತಾವು."

ಅರ್ಜಿಯಲ್ಲಿ ಇದನ್ನೇ ಧೀರೇಂದ್ರ ಹನ್ನೊಂದು ಪುಟ ಬರೆದಿದ್ದ. ಟಿವಿಯೊಳಗಿನ ಹೆಂಗಸು ಅಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

ಶಿವಯೋಗೆಪ್ಪ ವಿಡಿಯೋ ಅಲ್ಲಿಗೇ ನಿಲ್ಲಿಸಿದ. "ಮನಿಗಿ ಬಂದವರಿಗೆಲ್ಲಾ ನಾ ಇದನ್ನ ತೋರಸ್ತೀನಿ. ನನ್ನ ಮಗಳು ಇಡೀ ಊರ ಮುಂದ ನನ್ನ ತಿದ್ದಿದ್ದು," ಎಂದ. ಅವನ ಮುಖ ಹಿಗ್ಗಿನಿಂದ ಅರಳಿತ್ತು.

ಅವಳು ವಿಡಿಯೋದ ಕೆಳಗಿದ್ದ ತಾರೀಖು ನೋಡಿದಳು. ಅರ್ಜಿ ಹಾಕುವುದಕ್ಕೆ ಸರಿಯಾಗಿ ಇಪ್ಪತ್ತೆರಡು ದಿನ ಮೊದಲು. ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದಳು. "ಅವತ್ತ ನಾ ಬಾಯಿ ಮುಚ್ಚಿಕೊಂಡು ಕುಂತಿದ್ರ ಸಾಕಾಗಿತ್ತು, ಅಪ್ಪಾ."

"ನೀ ಬಾಯಿ ಮುಚ್ಚಿಕೊಂಡು ಕುಂತಿದ್ದು ನಾ ಯಾವಾಗ ನೋಡೇನಿ?" ಎಂದ ಶಿವಯೋಗೆಪ್ಪ. ಆಮೇಲೆ ರಿಮೋಟು ಕೆಳಗಿಟ್ಟು ಫೋನು ಕೈಗೆತ್ತಿಕೊಂಡ. "ಸಂಗೂಗ ಫೋನ್ ಹಚ್ಚತೀನಿ. ನೀ ಹೇಳಿದ್ದಷ್ಟ ಕತ್ತರಸಲಿ. ನಂದು ಹಂಗ ಇರಲಿ."

"ಅಂದ್ರ ನೀ ತಪ್ಪು ಹೇಳಿದ್ದಷ್ಟ ಉಳಿತದ."

"ಉಳೀಲೇಳು. ನಿಂದು ಕೆಲಸ ಆದ್ರ ಸಾಕು."

ಎಂಥ ಆಸೆ ಹುಟ್ಟಿತು ಅವಳಿಗೆ! ಸಂಗು ಐದು ನಿಮಿಷದಲ್ಲಿ ಕತ್ತರಿಸುತ್ತಾನೆ, ನಾಳೆ ಹನ್ನೊಂದಕ್ಕೆ ಯಾರಿಗೂ ಸುಳಿವು ಸಿಗುವುದಿಲ್ಲ. ಎದ್ದು ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ಅಪ್ಪ ಫೋನಿನಲ್ಲಿ ಸಂಗುವಿನ ನಂಬರು ತೆಗೆದಿದ್ದ, ಅವಳ ಒಂದು ಮಾತಿಗೆ ಕಾಯುತ್ತಿದ್ದ. ಟಿವಿಯೊಳಗೆ ಅವನು ಬಾಯಿ ತೆರೆದು, ಮೈಕಿಲ್ಲದ ಕೈ ಹಾಗೇ ಎತ್ತಿಕೊಂಡು, ಮಗಳನ್ನೇ ನೋಡುತ್ತ ನಿಂತಿದ್ದ. ಈ ಮುಖವನ್ನು ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಬ್ಯಾಡಪ್ಪಾ," ಎಂದಳು. ಟಿವಿಯಲ್ಲಿದ್ದ ಸ್ಟುಡಿಯೋದ ಹೆಸರು ನೋಡಿ, ತನ್ನ ಫೋನಿನಲ್ಲಿ ಆ ವಿಡಿಯೋ ಹುಡುಕಿ ಧೀರೇಂದ್ರನಿಗೆ ಕಳಿಸಿದಳು. ಅದರ ಕೆಳಗೆ ಬರೆದಳು:

"ನಾ ಇಲ್ಲ ಅಂದದ್ದು ತಪ್ಪಾತ್ರಿ. ನನ್ನ ಅರ್ಜಿಗಿಂತ ಇಪ್ಪತ್ತೆರಡು ದಿನ ಮೊದಲ ಒಬ್ಬಾಕಿ ಇದನ್ನ ಹೇಳಿಬಿಟ್ಟಾಳ. ಆಕಿ ನಾನ."