ಸೇತುವೆಯಡಿ ತೂರದ ಹಡಗು

ಹಡಗು ಕಟ್ಟುವ ಯಾರ್ಡಿನಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಅನ್ನುತ್ತಿದ್ದರು. ಅವಳು ಅಳೆದು ಸೈ ಅನ್ನದೆ ಹಡಗಿನ ಒಂದು ತಗಡೂ ವೆಲ್ಡಿಂಗಿಗೆ ಹೋಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸ. ನದಿ ದಂಡೆಯ ಆ ಊರಿನ ಹಗ್ಗದಂಗಡಿ, ಬಣ್ಣದಂಗಡಿ, ಲೇತ್ ಶೆಡ್ಡು, ಮೆಸ್ಸು ಎಲ್ಲವೂ ಯಾರ್ಡನ್ನೇ ನಂಬಿಕೊಂಡಿದ್ದವು.

ಮೊದಲೆಲ್ಲ ಉಕ್ಕಿನ ತಗಡು ಹೊತ್ತ ಲಾರಿಗಳು ನದಿ ದಾಟಲು ಆಚೆ ದಡದಲ್ಲಿ ದಿನಗಟ್ಟಲೆ ಕಾಯುತ್ತಿದ್ದವು. ಸೇತುವೆ ಬೇಕೆಂದು ಎಂಟು ವರ್ಷ ಅರ್ಜಿ ಹಾಕಿದವರು ಯಾರ್ಡಿನವರೇ. ಸೇತುವೆ ಮೇಲೇಳುತ್ತಿದ್ದಂತೆ ಆ ಧೈರ್ಯದ ಮೇಲೆ ಯಜಮಾನರು ಹಿಂದೆಂದೂ ಕಟ್ಟದಷ್ಟು ದೊಡ್ಡ ಪ್ರಯಾಣಿಕರ ಹಡಗಿಗೆ ಒಪ್ಪಿಕೊಂಡರು.

ಹಡಗು ನೀರಿಗಿಳಿಯಿತು. ಸಮುದ್ರಕ್ಕೆ ಹೋಗಬೇಕಾದರೆ ಸೇತುವೆ ದಾಟಲೇಬೇಕು. ಯಾಕೋ ಕಣ್ಣಿಗೆ ಸರಿಬೀಳದೆ ಟೇಪಕ್ಕ ದೋಣಿಯಲ್ಲಿ ಹೋಗಿ, ನೀರು ತೀರಾ ಇಳಿದಿದ್ದಾಗ ನೀರಿನಿಂದ ಸೇತುವೆಯ ತೊಲೆಯವರೆಗೆ ಅಳೆದಳು. ಹದಿನಾಲ್ಕು ಮೀಟರ್. ಸೇತುವೆ ಕಟ್ಟಿಸಿದ ಇಲಾಖೆ ಕೊಟ್ಟ ನಕ್ಷೆಯಲ್ಲಿ ಹದಿನಾರು. ಹಡಗಿನ ತುದಿ ಹದಿನೈದೂವರೆ.

ಅವಳ ತಮ್ಮ ಆ ಸೇತುವೆಯ ಕೆಲಸದಲ್ಲೇ ಮೇಲ್ವಿಚಾರಕ. ಇಬ್ಬರದೂ ಒಂದೇ ಮನೆ. ಅವನು ಚಪ್ಪಲಿ ಬಿಡುವ ಮೊದಲೇ ಹಿಡಿದಳು.

"ಎರಡು ಮೀಟರ್ ಎಲ್ಲೋಯ್ತೋ?"

"ಲಾರಿಗಳಿಗೆ ಏರು ಜಾಸ್ತಿ ಆಗತ್ತೆ ಅಂತ ಕೆಲಸದ ಮಧ್ಯೆ ತಗ್ಗಿಸಿದ್ರು ಅಕ್ಕಾ."

"ನಮಗೆ ಹೇಳಬಾರದಾ?"

"ಪತ್ರ ಹೋಗಿದೆ ಅಂದ್ಕೊಂಡಿದ್ದೆ."

"ನೀನು ಅಂದ್ಕೊಂಡೆ, ಅವರು ಅಂದ್ಕೊಂಡ್ರು. ಒಂದೇ ಮನೇಲಿ ಕೂತು ಉಣ್ತೀವಲ್ಲೋ, ಬಾಯಿಗೇನಾಗಿತ್ತು ನಿಂಗೆ?"

ಪತ್ರ ಹೋಗಿತ್ತು ನಿಜ, ಮೀನುಗಾರಿಕೆ ಇಲಾಖೆಗೆ. ಟೇಪಕ್ಕ ಮೂರು ಕಚೇರಿ ಸುತ್ತಿದ ಮೇಲೆ ಸಿಕ್ಕ ಸೇತುವೆ ಇಲಾಖೆಯ ಅಧಿಕಾರಿ, ಆಕ್ಷೇಪಣೆಗೆ ಕೊಟ್ಟ ಮೂವತ್ತು ದಿನ ಮುಗಿದಿದೆ ಅಂದರು.

"ಸ್ವಾಮಿ, ನಮಗೆ ಗೊತ್ತಾಗಿದ್ದೇ ಮೊನ್ನೆ."

"ಅದಕ್ಕೆ ನಾವೇನು ಮಾಡೋಣಮ್ಮಾ? ಹಡಗನ್ನೇ ಒಂಚೂರು ಓರೆ ಮಾಡಿ ದಾಟಿಸೋಕಾಗಲ್ವಾ?"

ಟೇಪಕ್ಕ ನಕ್ಷೆ ಮಡಚಿಕೊಂಡು ಎದ್ದು ಬಂದಳು. ಬಾಯಿಬಿಟ್ಟಿದ್ದರೆ ಕೆಲಸ ಕೆಡುತ್ತಿತ್ತು.

ಉಳಿದದ್ದು ಒಂದೇ ದಾರಿ. ಹಡಗಿನ ನೆತ್ತಿಯ ಮೇಲಿದ್ದ ಚುಕ್ಕಾಣಿ ಕೋಣೆಯನ್ನು ಕತ್ತರಿಸಿ ಇಳಿಸುವುದು, ಲಾರಿಯಲ್ಲಿ ಸೇತುವೆ ದಾಟಿಸುವುದು, ನದೀಮುಖದಲ್ಲಿ ಮತ್ತೆ ಬೆಸೆಯುವುದು. "ಹೋದ ವಾರ ಬೆಸೆದಿದ್ದನ್ನ ಈ ವಾರ ಕೊಯ್ಯೋದಾ?" ಎಂದು ವೆಲ್ಡರುಗಳು ರೇಗಿದರು. "ನನ್ನ ಹೊಟ್ಟೆನೂ ಉರೀತಿದೆ, ಕೊಯ್ಯಿರಪ್ಪಾ" ಅಂದಳು.

ತಮ್ಮ ಓಡಾಡಿ ಅರ್ಧ ದಿನ ಸೇತುವೆ ಬಂದ್ ಮಾಡಿಸಿದ. ಕೆಂಪು ಬಾವುಟ ಹಿಡಿದು ಲಾರಿಯ ಮುಂದೆ ತಾನೇ ನಡೆದ. ಕೆಳಗೆ ತಲೆಯಿಲ್ಲದ ಹಡಗು ತೆವಳುತ್ತಿತ್ತು. ಅದರ ಅಟ್ಟದ ಮೇಲೆ ನಿಂತಿದ್ದ ಟೇಪಕ್ಕ ತೊಲೆ ಹತ್ತಿರವಾದಂತೆ ತಲೆ ತಗ್ಗಿಸಿದಳು. ನೆತ್ತಿಯ ಮೇಲೆ ಒಂದು ಮೊಳ ಬಿಟ್ಟು ತೊಲೆ ಹಿಂದೆ ಸರಿಯಿತು. ದಡದಲ್ಲಿ ಶಿಳ್ಳೆ ಬಿತ್ತು. ಅವಳಿಗೆ ಮಾತ್ರ ಅಳು ಬಂತು, ಸಿಟ್ಟಿನಿಂದಲೋ ನಿರಾಳದಿಂದಲೋ ಅವಳಿಗೇ ತಿಳಿಯಲಿಲ್ಲ.

ಹಡಗು ಹೊತ್ತಿಗೆ ಸರಿಯಾಗಿ ಹೊರಟಿತು. ಆದರೆ ಯಜಮಾನರಿಗೆ ಪಾಠ ಸಿಕ್ಕಿತ್ತು: ಇನ್ನು ಹಳೇ ಯಾರ್ಡಿನಲ್ಲಿ ಒಡಲು ಮಾತ್ರ, ಮೇಲಿನದೆಲ್ಲ ನದೀಮುಖದಲ್ಲಿ. ಅಲ್ಲಿ ಜಾಗ ಹಿಡಿದರು. ವರ್ಷದೊಳಗೆ ಲೇತ್ ಶೆಡ್ಡು ಅಲ್ಲಿಗೆ ಹೋಯಿತು, ಅದರ ಹಿಂದೆ ಬಣ್ಣದಂಗಡಿ, ಮೆಸ್ಸು. ಹಳೇ ಊರಿನಲ್ಲಿ ನಲವತ್ತು ಮನೆಗಳಿಗೆ ಬೀಗ ಬಿತ್ತು. ಹಗ್ಗದಂಗಡಿಯ ಅಜ್ಜ ಮಾತ್ರ "ನಾನು ಬರಲ್ಲ, ಬೇಕಾದೋರು ಇಲ್ಲಿಗೇ ಬರಲಿ" ಎಂದು ಕೂತ.

ಹೊಸ ಜಾಗದ ಉದ್ಘಾಟನೆಗೆ ಅದೇ ಅಧಿಕಾರಿ ಬಂದರು. ದೂರದೃಷ್ಟಿಯಿಂದ ಕಟ್ಟಿದ ಸೇತುವೆಯೇ ಇಲ್ಲಿಗೆ ಕೈಗಾರಿಕೆ ತಂದಿತು ಎಂದರು. ಜನ ಚಪ್ಪಾಳೆ ತಟ್ಟಿದರು. ಟೇಪಕ್ಕ ತಮ್ಮನ ಕಡೆ ತಿರುಗಿದಳು.

"ನೀನೂ ತಟ್ತಿದೀಯಲ್ಲೋ!"

"ನಮ್ಮ ಸಾಹೇಬ್ರು ಅಕ್ಕಾ, ನೋಡ್ತಿದಾರೆ."

ಅವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಡೆದಳು. ಒಳಗೆ ಎರಡನೇ ಹಡಗಿನ ಚುಕ್ಕಾಣಿ ಕೋಣೆ ಅಳತೆಗೆ ಕಾದಿತ್ತು.