ಅವಳ ಪಾಲಿನ ಪದ

ಮಗು ತೀರಿಕೊಂಡ ಮೇಲೆ ಅಕ್ಕ ಅತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನವೇ ಇಸ್ತ್ರಿ ಅಂಗಡಿಯ ಬಾಗಿಲು ತೆಗೆದಳು. ಊಟಕ್ಕೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ಹೀಗೇ ಒಳಗೇ ಕಟ್ಟಿಕೊಂಡರೆ ಇವಳೂ ನಮಗೆ ಉಳಿಯುವುದಿಲ್ಲ, ಹೇಗಾದರೂ ಮಾಡಿ ಅಳಿಸು ಎಂದು ಭಾವ ನನ್ನನ್ನು ಕೇಳಿಕೊಂಡರು.

ಅದಕ್ಕೆಂದೇ ಒಂದು ಕಾದಂಬರಿ ತಂದುಕೊಟ್ಟಳು ಎದುರು ಮನೆಯ ನರ್ಸಮ್ಮ. ಬಸ್ಸಿನಲ್ಲಿ, ಆಫೀಸಿನಲ್ಲಿ, ಯಾರ ಕೈಯಲ್ಲಿ ನೋಡಿದರೂ ಅದೇ. ಮಗಳನ್ನು ಕಳೆದುಕೊಂಡ ತಾಯಿಯ ಕಥೆ, ಕಲ್ಲೂ ಕರಗುತ್ತದೆ ಎಂದಳು. ಅವಳು ಡ್ಯೂಟಿಯಲ್ಲಿ ಓದಿ ಅತ್ತದ್ದು ಕಂಡು ರೋಗಿಯೊಬ್ಬ ತನ್ನ ಕಾಯಿಲೆಯೇ ಕೈಮೀರಿತೆಂದು ಹೆದರಿದನಂತೆ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಸ್ಟೂಲಿನ ಮೇಲೆ ಕೂತು ಅಕ್ಕನಿಗೆ ಕೇಳುವಂತೆ ಅದನ್ನು ಓದುತ್ತಿದ್ದೆ. ಅಕ್ಕ ಅಂಗಿಗಳ ಕಾಲರು ತಿಕ್ಕುತ್ತಿದ್ದಳು. ನನ್ನ ಮನಸ್ಸಿಗೂ ಅದು ನಾಟಲಿಲ್ಲ. ತಾತ ಪದ್ಯ ಹೇಳುವುದನ್ನು ಕೇಳಿ ಬೆಳೆದ ಕಿವಿ ನನ್ನದು. ಆ ಪದ್ಯಗಳಲ್ಲಿ ಮಗ ಸತ್ತ ತಾಯಿ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳುತ್ತಾಳೆ, ಮುಂದಕ್ಕೆ ಹೋಗುವುದೇ ಇಲ್ಲ. ಈ ತಾಯಿಗೋ ಪುಟಪುಟಕ್ಕೂ ಹೊಸ ಮಾತು. ಆದರೂ ದೇವರ ಮೇಲೆ ಭಾರ ಹಾಕಿ ಓದಿದೆ. ಊರೆಲ್ಲ ಅಳುವ ಅಧ್ಯಾಯವೂ ಬಂತು. ತಾಯಿ ಮಗುವಿನ ಅಂಗಿಯನ್ನು ಎದೆಗೊತ್ತಿಕೊಂಡು, ಕಿಟಕಿಯ ಬಳಿ ನಿಂತು, ನಕ್ಷತ್ರಗಳ ಜೊತೆ ಮಾತಾಡುತ್ತಾಳೆ.

ಅಕ್ಕ ಅಂಗಿಯ ತೋಳನ್ನು ಮಡಚಿದಳು.

“ಮಗು ಸತ್ತ ಮನೇಲಿ ಇಷ್ಟು ಚೆನ್ನಾಗಿ ಮಾತಾಡೋಕೆ ಇವಳಿಗೆ ಪುರುಸೊತ್ತು ಎಲ್ಲಿ ಸಿಕ್ತು? ಸಾಕು, ಮುಚ್ಚು. ನಮ್ಮವಳದು ಇನ್ನೂ ಬಕೆಟ್ಟಲ್ಲೇ ಇದೆ.”

ಆ ಬಕೆಟ್ಟನ್ನು ನಾನೂ ಬಚ್ಚಲಲ್ಲಿ ನೋಡಿದ್ದೆ. ಜ್ವರದಲ್ಲಿ ವಾಂತಿ ಮಾಡಿಕೊಂಡ ಫ್ರಾಕು. ನೀರು ನಾರುತ್ತಿತ್ತು. ಯಾರೂ ಮುಟ್ಟುವ ಹಾಗಿರಲಿಲ್ಲ.

ಪುಸ್ತಕವನ್ನು ಮುಚ್ಚಿ ಬೆಂಚಿನ ಕೆಳಗಿಟ್ಟೆ. ಮತ್ತೆ ಅದನ್ನು ತೆರೆಯಲಿಲ್ಲ. ಆದರೆ ಸುಮ್ಮನೆ ಕೂತಿರಲೂ ಆಗಲಿಲ್ಲ. ಬಾಯಿಗೆ ಬಂದದ್ದು ತಾತನ ಪದ್ಯ. ಶೋಕದ್ದಲ್ಲ, ಹಕ್ಕಿಗಳು ಗೂಡಿಗೆ ಬರುವುದು, ಮಕ್ಕಳ ಪದ್ಯ. ಸಾಲಿನ ಕೊನೆಯ ಪದವನ್ನು ತಾತ ತಾನು ಹೇಳುತ್ತಿರಲಿಲ್ಲ. ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದ, ನಾವು ಹೇಳಬೇಕಿತ್ತು. ಅಕ್ಕ ಮಗಳಿಗೂ ಹಾಗೇ ಕಲಿಸಿದ್ದಳು. ಬಟ್ಟೆಗಂಟಿನ ಮೇಲೆ ಕೂತು ಕಾಲಾಡಿಸುತ್ತ, ಮಗು ಆ ಪದವನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಅದನ್ನು ಕೂಗುವವಳು ಈಗಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸಾಲು ಹೇಳಿ, ಅಭ್ಯಾಸದಂತೆ ಕೊನೆಯ ಪದಕ್ಕೆ ನಿಲ್ಲಿಸಿ, ಗಂಟಿನ ಕಡೆ ನೋಡಿದೆ.

ಯಾರೂ ಹೇಳಲಿಲ್ಲ.

ಅಕ್ಕನ ಕೈ ನಿಂತಿತು. ಬಟ್ಟೆ ಸುಟ್ಟ ವಾಸನೆ ಬಂತು. ಗಾಬರಿಯಿಂದ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಆ ಪದವನ್ನು ನಾನೇ ಹೇಳಿ ಮುಗಿಸಲು ಬಾಯಿ ತೆರೆದೆ.

“ನೀನು ಹೇಳ್ಬೇಡ,” ಎಂದಳು ಅಕ್ಕ. “ಅದು ಅವಳದು.”

ಆಮೇಲೆ ಅವಳ ಗಂಟಲಿನಿಂದ ಬಂದದ್ದನ್ನು ಅಳು ಎನ್ನಲಾರೆ. ಭಾವ ಹೊರಗಿನಿಂದ ಓಡಿಬಂದರು. ಅಳಿಸು ಎಂದವರೇ ಹೊಸ್ತಿಲ ಮೇಲೆ ಕುಸಿದು, ಎರಡೂ ಕಿವಿ ಮುಚ್ಚಿಕೊಂಡರು.